ಕಿಮ್ಮತ್‌ಶೋ ಕಲಿತು ಬಂದ ಮಾತು

ಗಂಡ ತೀರಿಕೊಂಡ ಮೇಲೆ ಸವ್ಸನ್ ತಂಗಿಯಿದ್ದ ಬೆಟ್ಟದೂರಾದ ನಿಶೂರಿಗೆ ಬಂದಳು. ಬಂದ ಮರುದಿನವೇ ಊರಿನ ದೀಪಗಳನ್ನೆಲ್ಲ ಆರಿಸಿಬಿಟ್ಟಳು. ಬೇಕೆಂದು ಮಾಡಿದ್ದಲ್ಲ. ಕುರಿಯ ಉಣ್ಣೆಯನ್ನು ಕಾಲುವೆಯಲ್ಲಿ ಅದ್ದಿ ತೊಳೆಯುತ್ತಿದ್ದಾಗ ಅರ್ಧ ಕೈಜಾರಿ ನೀರಿನ ಜೊತೆ ಹೋಯಿತು. ಉಳಿದದ್ದನ್ನು ಹಿಂಡುತ್ತಿರುವಾಗ ಕೆಳಗಡೆಯಿಂದ ಸಣಕಲು ಮನುಷ್ಯನೊಬ್ಬ ಬಂದ. ಎದೆಯವರೆಗೂ ಒದ್ದೆಯಾಗಿದ್ದ, ತೊಟ್ಟಿಕ್ಕುವ ಉಣ್ಣೆಯನ್ನು ಕೂಸಿನ ಹಾಗೆ ಎತ್ತಿಕೊಂಡಿದ್ದ.

“ಈ ಕುರಿ ಯಾರದಮ್ಮ?”

“ನಂದೇ ಅಣ್ಣ.”

“ನನ್ ಮೆಷಿನ್ನಿಗೆ ನೀರು ಬಿಟ್ರೆ ಬೇರೇನೂ ಸೇರಲ್ಲ. ನೀನು ಉಣ್ಣೆ ಕೊಟ್ಟಿದ್ದೀಯಲ್ಲ, ಅದಕ್ಕೇನು ಚಳೀನಾ?”

ಅವನೇ ಕಿಮ್ಮತ್‌ಶೋ. ಕಾಲುವೆಯ ನೀರು ಧುಮುಕುವಲ್ಲಿ ಕಲ್ಲಿನ ಗೂಡೊಂದಿತ್ತು. ಅದರೊಳಗೆ ಊರಿಗೆಲ್ಲ ವಿದ್ಯುತ್ತು ಕೊಡುವ ಹಳೆಯ ಯಂತ್ರ. ನೀರು ಒಳಹೋಗುವ ಬಾಯಿಗೆ ಕಬ್ಬಿಣದ ಜಾಲರಿ. ಉಣ್ಣೆ ಸಿಕ್ಕಿಕೊಂಡು ನೀರು ತಡೆದದ್ದು ಅಲ್ಲಿಯೇ. ಆ ನಾಚಿಕೆಗೆ ಸವ್ಸನ್ ದಿನಾ ಬೆಳಿಗ್ಗೆ ನೀರಿಗೆ ಹೋದಾಗ ಜಾಲರಿಯ ಕಸ ತೆಗೆಯತೊಡಗಿದಳು. ಯಾರೂ ಹೇಳಿರಲಿಲ್ಲ. ತೆಗೆಯುತ್ತ ತೆಗೆಯುತ್ತ ಯಂತ್ರದ ಸದ್ದು ಕಿವಿಗೆ ಅಂಟಿತು.

ಕಿಮ್ಮತ್‌ಶೋ ಹಿಂದೆ ರಷ್ಯಾದಲ್ಲಿ ಇಟ್ಟಿಗೆ ಹೊತ್ತವನು. ಅಲ್ಲಿ ಅವನ ಹೆಸರನ್ನು ಯಾರೂ ಸರಿಯಾಗಿ ಕರೆದಿರಲಿಲ್ಲ. ಊರಿಗೆ ಬಂದು ಯಂತ್ರಕ್ಕೆ ಕೈಹಾಕಿದ ಮೇಲೆ ‘ಉಸ್ತೋ’ ಆದ, ಗುರು ಎನ್ನಿಸಿಕೊಂಡ. ಮದುವೆಮನೆಯಲ್ಲಿ ಅವನಿಗೆ ಕೂರಲು ಮೇಲಿನ ಹಾಸು. ಹೊಸ ಒಲೆ ಹೂಡಿದವರ ಮೊದಲ ರೊಟ್ಟಿ ಅವನ ಮನೆಗೆ. ನಮ್ಮಲ್ಲಿ ಉಸ್ತೋ ತನ್ನ ಕೈಯಾರೆ ನಡುವಿಗೆ ವಸ್ತ್ರ ಕಟ್ಟಿ ಹರಸದ ಹೊರತು ಅವನ ಉಪಕರಣವನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಕಿಮ್ಮತ್‌ಶೋ ಯಾರ ನಡುವನ್ನೂ ಕಟ್ಟಿರಲಿಲ್ಲ. ಕೇಳಿದವರಿಗೆ, “ನೋಡೋಣ, ಮುಂದಿನ ಬೇಸಗೆಗೆ” ಎನ್ನುತ್ತಿದ್ದ.

ಒಂದು ಸಲ ಖೋರೊಗ್ ಪಟ್ಟಣದಲ್ಲಿ ಇಂಥ ಕೆಲಸದವರಿಗೆಲ್ಲ ಪಾಠ ಇಟ್ಟರು. ಹೋಗಿಬಂದ ಕಿಮ್ಮತ್‌ಶೋನ ಬಾಯಲ್ಲಿ ಒಂದು ಇಂಗ್ಲಿಷ್ ಮಾತು ಕೂತಿತ್ತು: ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್. ಒಂದು ಜಾಗ ಕೆಟ್ಟರೆ ಪೂರ್ತಿ ವ್ಯವಸ್ಥೆಯೇ ಮಲಗುತ್ತದಲ್ಲ, ಆ ಜಾಗದ ಹೆಸರು. ಆ ಮಾತು ಸಿಕ್ಕಮೇಲೆ ಊರೆಲ್ಲ ಅವನಿಗೆ ಬೇರೆಯಾಗಿ ಕಂಡಿತು. ಹೊಳೆ ದಾಟುವ ಒಂದೇ ಸೇತುವೆಯ ಮೇಲೆ ನಿಂತು ಅದನ್ನೇ ಅಂದ. ಊರಿಗಿದ್ದ ಒಬ್ಬಳೇ ದಾದಿಯನ್ನು ತೋರಿಸಿ ಅದನ್ನೇ ಅಂದ. ದವ್ಲತ್‌ಬೆಕ್‌ನ ಬಾಡಿಗೆ ಜೀಪಿಗೆ ಸ್ಟೆಪ್ನಿ ಇಲ್ಲದ್ದನ್ನು ನೋಡಿ ಜೋರಾಗಿಯೇ ಅಂದ.

ದವ್ಲತ್‌ಬೆಕ್ ಸುಮ್ಮನಿರುವ ಪ್ರಾಣಿಯಲ್ಲ. ಸವ್ಸನಳ ತಂಗಿಯ ಮನೆಯಲ್ಲಿ ಎಲ್ಲರೂ ಉಪ್ಪು-ಬೆಣ್ಣೆಯ ಹಾಲುಚಹಾಕ್ಕೆ ರೊಟ್ಟಿ ಮುರಿದು ಹಾಕುತ್ತಿದ್ದಾಗ ಬಾಯಿಬಿಟ್ಟ.

“ಉಸ್ತೋ, ಒಂದು ಸಂಶಯ. ನನ್ ಟೈರು ಹೋದ್ರೆ ನಾನೊಬ್ನೇ ದಾರೀಲಿ ಕೂರ್ತೀನಿ. ನಿಮಗೆ ಹೊಟ್ಟೆನೋವು ಬಂದ್ರೆ ಊರಿಗೂರೇ ಕತ್ತಲೆ. ಆ ಮಾರುದ್ದದ ಮಾತು ನಿಮ್ ಹೆಸರೇ ಅಲ್ವಾ?”

ನಗು ಎದ್ದಿತು. ಕಿಮ್ಮತ್‌ಶೋ ಬಟ್ಟಲು ಇಳಿಸಿ ಹೊರಟೇಬಿಟ್ಟ. ಊಟದ ಕೊನೆಯ ಪ್ರಾರ್ಥನೆಗೂ ಕೂರದೆ, ಅಂಗೈಯಿಂದ ಮುಖ ಸವರಿಕೊಳ್ಳದೆ ಎದ್ದುಹೋಗುವುದೆಂದರೆ ಸಾಮಾನ್ಯ ಸಿಟ್ಟಲ್ಲ. ನಗುತ್ತಿದ್ದವರು ತಣ್ಣಗಾದರು.

ಹೊಟ್ಟೆನೋವು ನಿಜವಾಗಿಯೂ ಇತ್ತೆಂಬುದು ಮರುದಿನ ಜಾಲರಿಯ ಹತ್ತಿರ ಸವ್ಸನಳಿಗೆ ಗೊತ್ತಾಯಿತು. ಅವನು ಕಬ್ಬಿಣದ ಸಲಾಕೆಯನ್ನು ಊರಿಕೊಂಡು, ಬಗ್ಗಿ ನಿಂತಿದ್ದ.

“ಕೊಯ್ಯಬೇಕಂತೆ ಅಕ್ಕ. ಡಾಕ್ಟ್ರು ಬೇಸಗೇಲೇ ಹೇಳಿದ್ರು.”

“ಮತ್ತೆ ಯಾಕಿನ್ನೂ ಇಲ್ಲೇ ನಿಂತಿದ್ದೀಯ? ಹಿಮ ಬಿದ್ರೆ ದಾರಿ ಮುಚ್ಚುತ್ತೆ.”

“ನಾನು ಹೋದ್ರೆ ಇದು ನಿಲ್ಲುತ್ತೆ. ಚಳಿಗಾಲಕ್ಕೆ ಕರೆಂಟ್ ಒಲೆ ಇಲ್ಲ, ದೀಪ ಇಲ್ಲ. ಕೂಸುಗಳಿವೆ.” ನೀರನ್ನು ನೋಡುತ್ತ ಅಂದ, “ಇನ್ನೊಂದೂ ಇದೆ. ಇದು ನಾನಿಲ್ದೇನೂ ತಿರುಗಿದ್ರೆ, ನಾನ್ಯಾರು? ಇಟ್ಟಿಗೆ ಹೊತ್ತೋನು.”

ಸವ್ಸನ್ ನೀರಿಗೆ ಬಗ್ಗಿದಳು. ಜಾಲರಿಗೆ ಅಂಟಿದ್ದ ಎಲೆ ಬಿಡಿಸಿದಳು. ಒಳಗಿನ ಸದ್ದು ಒಂದಿಷ್ಟು ಬದಲಾಯಿತು. ಇಬ್ಬರೂ ಒಟ್ಟಿಗೇ ತಲೆ ಎತ್ತಿದರು.

“ಕೇಳಿಸ್ತಾ ನಿಂಗೆ?” ಅಂದ ಅವನು.

“ಈಗ ಸಲೀಸಾಯ್ತು.”

ಶುಕ್ರವಾರ ಅವನು ಹಿರಿಯರನ್ನು ಕರೆಸಿ, ತನ್ನ ತಂದೆಯ ನಡುವಸ್ತ್ರ ತಂದು ಸವ್ಸನಳ ನಡುವಿಗೆ ಕಟ್ಟಿದ. ಹೆಂಗಸಿನ ನಡುವಿಗೆ! ಒಬ್ಬ ಮುದುಕ ಗೊಣಗಿದ. ಕಿಮ್ಮತ್‌ಶೋ ಗದರಿದ: “ನಿನ್ ಮೊಮ್ಮಗನ ನಡ ಕಟ್ಲಾ? ಕಲಿತ ಮರುದಿನ ಮಾಸ್ಕೋದಲ್ಲಿರ್ತಾನೆ. ಇವಳು ಎಲ್ಲಿಗೂ ಹೋಗಲ್ಲ.” ಆಮೇಲೆ ಅವಳ ಕೈಯಿಂದಲೇ ಯಂತ್ರ ನಿಲ್ಲಿಸಿದ, ಹೊರಡಿಸಿದ, ಮತ್ತೆ ನಿಲ್ಲಿಸಿದ. ಎಣ್ಣೆ ಎಲ್ಲಿ, ಎಷ್ಟು. ಬಿಸಿಯಾದರೆ ಏನು ಮಾಡಬೇಕು. ತಪ್ಪಿದಾಗ ಬಯ್ದ. ಮೊದಲ ಹಿಮಕ್ಕೆ ಮುಂಚೆ ದವ್ಲತ್‌ಬೆಕ್ ತನ್ನ ಜೀಪಿನಲ್ಲೇ ಅವನನ್ನು ಖೋರೊಗ್ ಆಸ್ಪತ್ರೆಗೆ ಕರೆದುಕೊಂಡು ಹೋದ. ಎಲ್ಲಿಂದಲೋ ಸ್ಟೆಪ್ನಿ ಹೊಂದಿಸಿದ್ದ.

ದಾರಿ ಮುಚ್ಚಿತು. ದೀಪ ಆರಲಿಲ್ಲ. ಒಮ್ಮೆ ಆರಿತು; ಜಾಲರಿಯ ಹಿಮಗಡ್ಡೆ ಒಡೆಯುವಷ್ಟು ಹೊತ್ತು ಮಾತ್ರ. ಮದುವೆಮನೆಯಲ್ಲಿ ಜನ ಸವ್ಸನಳನ್ನು ಕರೆದು ಮೇಲಿನ ಹಾಸಿನಲ್ಲಿ ಕೂರಿಸಿದರು. ಹೊಸ ಒಲೆಯ ಮೊದಲ ರೊಟ್ಟಿ ಅವಳ ಕೈಗೆ ಬಂತು. ತಂಗಿಯ ಮನೆಯಲ್ಲಿ ಹಂಗಿನವಳಂತಿದ್ದವಳಿಗೆ ಅದು ಹಿತವಾಗಿಯೇ ಇತ್ತು. ನೆರೆಮನೆಯ ಸೊಸೆ ಯಂತ್ರ ನೋಡಲು ಬರುತ್ತೇನೆ ಎಂದಾಗ, “ಹಿಮ ಕರಗಲಿ ತಾಳು” ಅಂದಳು.

ಊರಿನ ಫೋನ್ ಕಂಬಕ್ಕೂ ಅದೇ ಯಂತ್ರದ ವಿದ್ಯುತ್ತು. ಹಾಗಾಗಿ ಆಸ್ಪತ್ರೆಯಿಂದ ಕರೆ ಮಾಡಿದಾಗ ಸವ್ಸನ್ ‘ಹಲೋ’ ಅಂದರೆ ಸಾಕು, ದೀಪ ಉರಿಯುತ್ತಿದೆಯಾ ಎಂದು ಕಿಮ್ಮತ್‌ಶೋ ಕೇಳಬೇಕಾಗಿರಲಿಲ್ಲ. ಕೊಯ್ದು ನೋಡಿದ ಡಾಕ್ಟರು ಏನೂ ಮಾಡಲಾಗದೆ ಹಾಗೇ ಹೊಲಿದಿದ್ದರು. ಅದು ಇಬ್ಬರಿಗೂ ಗೊತ್ತಿತ್ತು. ಕೊನೆಯ ಸಲ ಅವನ ದನಿ ಬಹಳ ಸಣ್ಣಗಾಗಿತ್ತು.

“ಎಣ್ಣೆ ಹಾಕಿದ್ಯಾ?”

“ಹಾಕಿದೆ.”

“ಸದ್ದು?”

“ಚೆನ್ನಾಗಿದೆ. ಕೇಳ್ತೀಯಾ?” ಫೋನನ್ನು ಗೂಡಿನ ಬಾಗಿಲಿಗೆ ಹಿಡಿದಳು. ಅವನು ತುಂಬಾ ಹೊತ್ತು ಕೇಳಿಸಿಕೊಂಡ.

“ಅಕ್ಕ,” ಅಂದ ಆಮೇಲೆ, “ನಾಳೆ ನೀನು ಜ್ವರ ಬಂದು ಮಲಗಿದ್ರೆ ಅದರ ಹತ್ರ ಯಾರು ಹೋಗ್ತಾರೆ?”