ಮೂರು ಲ್ಯಾಬಿನ ರಕ್ತ

ನಮ್ಮಪ್ಪ ಯಾವ ತಕ್ಕಡಿಯನ್ನೂ ನಂಬಿದವನಲ್ಲ. ಕಬ್ಬಿನ ಲೋಡು ಫ್ಯಾಕ್ಟರಿಗೆ ಹೋಗುವ ಮುಂಚೆ ಹೊರಗೆ ಒಂದು ಸಲ ತೂಕ ಹಾಕಿಸುವುದು ನಮ್ಮ ಕಡೆ ಇದ್ದದ್ದೇ. ಅಪ್ಪ ಆ ಹೊರಗಿನ ತೂಕದವನನ್ನೂ ಪ್ರತಿ ಸಲ ಬದಲಾಯಿಸುತ್ತಿದ್ದ. "ಒಂದೇ ಕಡೆ ತೂಗುಸ್ಬಾರ್ದು ಕಣವ್ವ. ಗುರ್ತಾದೋನೇ ಮೋಸ ಮಾಡೋದು" ಎನ್ನುತ್ತಿದ್ದ. ನಾನೂ ಅವನ ಮಗಳೇ. ಮಂಡ್ಯದಲ್ಲಿ ಟೀಚರಾಗಿ ಇಷ್ಟು ವರ್ಷವಾದರೂ, ಹಾಲು ಹಾಕಿಸಿಕೊಂಡ ಪಾತ್ರೆಯೊಳಗೆ ಇಣುಕದೆ ಬಾಗಿಲು ಮುಚ್ಚುವುದಿಲ್ಲ.

ಅವ್ವನಿಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಎಂದು ತಿಳಿದಾಗ, ಇದಕ್ಕೆ ಒಂದು ವೈರಸ್ಸು ಕಾರಣ ಎಂದರು ಡಾಕ್ಟರಮ್ಮ. ದೇಹಸಂಬಂಧದಿಂದ ಹರಡುವಂಥದ್ದು. ಬಹಳ ಜನರಿಗೆ ಬಂದು ತಾನಾಗಿಯೇ ಹೋಗುತ್ತದೆ, ಕೆಲವರಲ್ಲಿ ವರ್ಷಗಟ್ಟಲೆ ಉಳಿದು ಹೀಗೆ ಮಾಡುತ್ತದೆ, ಯಾವಾಗ ಯಾರಿಂದ ಬಂತೆಂದು ಹೇಳಲಾಗದು ಎಂದು ಬಿಡಿಸಿ ಹೇಳಿದರು. ನನ್ನ ತಲೆಗೆ ಹತ್ತಿದ್ದು ಹರಡುವ ಮಾತು ಮಾತ್ರ. ಪ್ರಾಯದಲ್ಲಿ ಅಪ್ಪ ಕಬ್ಬು ಕಡಿಯುವ ಆಳುಗಳ ಹಿಂದೆ ಊರೂರು ಸುತ್ತಿದವನು. ಆವತ್ತಿನಿಂದ ಅವನ ಮುಖ ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕರೆಂಟು ಕೊಡುವ ರೇಡಿಯೇಷನ್ ಚಿಕಿತ್ಸೆ ಮುಗಿದ ಮೇಲೆ, ಆಗಾಗ ರಕ್ತದಲ್ಲಿ ಮಾರ್ಕರ್ ಎಂಬ ಒಂದು ಅಂಶದ ಮಟ್ಟ ನೋಡಿಸುತ್ತಿರಬೇಕು ಎಂದರು ಡಾಕ್ಟರಮ್ಮ. ಕಾಯಿಲೆ ಮರಳಿದರೆ ಸಾಮಾನ್ಯವಾಗಿ ಅದು ಏರುತ್ತದೆ, ಒಂದೇ ಲ್ಯಾಬಿನಲ್ಲಿ ಮಾಡಿಸಿ ಎಂದೂ ಹೇಳಿದ್ದರು. ನಮ್ಮೂರು ಪೂರಿಗಾಲಿಯಿಂದ ಅವ್ವನನ್ನು ಕರೆದುಕೊಂಡು ಹೋಗುತ್ತಿದ್ದವನು ಅಪ್ಪ. ಮೊದಲ ಸಲ ಮಂಡ್ಯ, ಆಮೇಲೆ ಮದ್ದೂರು, ಮೂರನೇ ಸಲ ಮಳವಳ್ಳಿ. ಯಾಕೆ ಹೀಗೆ ಲ್ಯಾಬು ಬದಲಿಸುತ್ತಾನೆ? ತನ್ನ ಹಳೆಯ ಬಂಡವಾಳ ಯಾರಾದರೂ ರಕ್ತದಲ್ಲಿ ಕಂಡುಬಿಟ್ಟಾರು ಎಂಬ ಭಯ ಇರಬೇಕು ಎಂದುಕೊಂಡೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಕಂಡಿತು.

ಸಂಖ್ಯೆಯಂತೂ ಪ್ರತಿ ಸಲ ಇಳಿಯುತ್ತಿತ್ತು. ಆ ಖುಷಿಗೆ ಅಪ್ಪ ನಮ್ಮನ್ನೆಲ್ಲ ಮುತ್ತತ್ತಿಗೆ ಕರೆದುಕೊಂಡು ಹೋದ. ಪೂಜೆ ಮುಗಿಸಿ ಹೊಳೆ ದಂಡೆಗೆ ಬಂದಾಗ ಅವ್ವ ಕಲ್ಲು ಹಿಡಿದು ನಿಂತುಬಿಟ್ಟಳು.

"ಸೊಂಟ ಸೆಳೀತದೆ ಕಣಮ್ಮಿ. ಕಾಲ್ಗಂಟ ಓಯ್ತದೆ ನೋವು."

"ನಂಬರ್ರು ಇಳ್ದದೆ. ಬಸ್ಸಲ್ಲಿ ಕುಂತು ಕುಂತು ಅಂಗಾಗದೆ, ಬುಡು" ಎಂದ ಅಪ್ಪ. ನಾನು ಅವನ ದನಿಯಲ್ಲಿ ಕಳ್ಳತನ ಹುಡುಕುತ್ತಿದ್ದೆ.

ಮುಂದಿನ ಸಲ ನಾನೂ ಆಸ್ಪತ್ರೆಗೆ ಹೋದೆ. ಡಾಕ್ಟರಮ್ಮ ಮೂರೂ ರಿಪೋರ್ಟು ಸಾಲಾಗಿ ಇಟ್ಟುಕೊಂಡು ಲ್ಯಾಬುಗಳ ಹೆಸರು ಓದಿದರು. "ಒಂದೊಂದು ಲ್ಯಾಬಿನ ಮಷಿನ್ನು ಒಂದೊಂದು ರೀತಿ ಅಳೆಯುತ್ತೆ. ಇವನ್ನು ಪಕ್ಕ ಪಕ್ಕ ಇಟ್ಟು ಏರಿತು ಇಳಿಯಿತು ಅನ್ನೋಕಾಗಲ್ಲ" ಎಂದರು. ಮಂಡ್ಯದ ಅದೇ ಮೊದಲ ಲ್ಯಾಬಿನಲ್ಲಿ ಮತ್ತೆ ಮಾಡಿಸಿದರೆ, ಸಂಖ್ಯೆ ಎಲ್ಲಿಗೋ ಏರಿತ್ತು. ಸ್ಕ್ಯಾನಿನಲ್ಲಿ ಬೆನ್ನುಮೂಳೆಯ ಪಕ್ಕ ಕಾಯಿಲೆ ಹರಡಿದ ಗಂಟುಗಳು ಕಂಡವು. ವಾಸಿಯಾಗುತ್ತದೆ ಎಂಬ ಮಾತನ್ನು ಡಾಕ್ಟರಮ್ಮ ಈ ಸಲ ಆಡಲಿಲ್ಲ. ಹಿಡಿದಿಡಲು ನೋಡೋಣ ಎಂದರು.

ಹೊರಗೆ ಬಂದು ಅಪ್ಪನನ್ನು ತಡೆದೆ. "ಯಾಕಪ್ಪ ಲ್ಯಾಬು ಬದಲಾಯಿಸ್ದೆ? ನಿಜ ಹೇಳು."

ಅವನು ನನ್ನನ್ನು ಪಿಳಿಪಿಳಿ ನೋಡಿದ. "ಮೋಸ ಮಾಡ್ತಾರೆ ಅಂತ ಕಣವ್ವ. ಇನ್ಯಾಕೆ?"

ಅವನ ಮನಸ್ಸಿನಲ್ಲಿ ಇದ್ದದ್ದು ಅಷ್ಟೇ. ವೈರಸ್ಸಿನ ಮಾತು ಅವನಿಗೆ ನೆನಪೂ ಇರಲಿಲ್ಲ. ಬೆಂಚಿನ ಮೇಲೆ ಕೂತಿದ್ದ ಅವ್ವ ತಲೆ ಎತ್ತದೆ ಹೇಳಿದಳು:

"ನಿಮ್ಮಪ್ಪ ಮಿಸಿನ್ನ ನಂಬ್ನಿಲ್ಲ, ನೀನು ನಿಮ್ಮಪ್ಪನ್ನ ನಂಬ್ನಿಲ್ಲ. ನೋಯ್ತದೆ ಅಂತ ನಾನು ಬಾಯ್ಬುಟ್ಟು ಏಳುದ್ರೂ ಇಬ್ರೂ ನಂಬ್ನಿಲ್ಲ ಬುಡು."

ಈಗ ಮತ್ತೆ ಔಷಧಿ ನಡೆದಿದೆ. ಅಪ್ಪ ಒಂದೇ ಲ್ಯಾಬಿಗೆ ಹೋಗುತ್ತಾನೆ, ಬೈದುಕೊಂಡೇ ಹೋಗುತ್ತಾನೆ. ನಾನು ದಿನಾ ಸಂಜೆ ಅವ್ವನಿಗೆ ಫೋನು ಮಾಡಿ ನೋವು ಹೇಗಿದೆ ಎಂದು ಕೇಳುತ್ತೇನೆ. "ಏನಿಲ್ಲ ಕಣಮ್ಮಿ, ಚೆನ್ನಾಗಿವ್ನಿ" ಎನ್ನುತ್ತಾಳೆ. ಆ ಮಾತನ್ನಾದರೂ ನಂಬಬೇಕೆಂದು ಬಹಳ ಆಸೆ. ಆಗುತ್ತಿಲ್ಲ.