ಎಳೆ ಓಡುವಾಗ ಆಡಿದ ಮಾತು

ಶಿಡ್ಲಘಟ್ಟದ ಒಂದು ರೇಷ್ಮೆ ನೂಲು ಬಿಚ್ಚುವ ಘಟಕದಲ್ಲಿ ನಾನು ಕೆಲಸ ಕಲಿತದ್ದು ಮೇಲೂರಿನ ಒಬ್ಬ ಹೆಂಗಸಿನ ಪಕ್ಕದಲ್ಲಿ ಕೂತು. ಅಕ್ಕ ಎನ್ನುತ್ತಿದ್ದೆ. ಬಿಸಿನೀರಿನ ಬೇಸಿನ್‌ನಲ್ಲಿ ಎಂಟು ಗೂಡುಗಳ ಎಳೆ ಸೇರಿ ಒಂದು ನೂಲಾಗುತ್ತದೆ. ಒಂದು ಗೂಡು ಮುಗಿದ ಕೂಡಲೇ ಇನ್ನೊಂದರ ತುದಿ ಸೇರಿಸದಿದ್ದರೆ ನೂಲು ಸಣ್ಣಗಾಗಿ ತುಂಡಾಗುತ್ತದೆ. ಅದಕ್ಕೇ ನಮ್ಮಲ್ಲಿ ಎಳೆ ಓಡುವಾಗ ಯಾರೂ ಮಾತಾಡುವುದಿಲ್ಲ, ಕರೆದರೆ ಓಗೊಡುವುದೂ ಇಲ್ಲ. ನಾನು ಬಾಯಿ ಬಿಟ್ಟಾಗಲೆಲ್ಲ ಅಕ್ಕ ಒದ್ದೆ ಕೈಯಿಂದ ಮಣಿಕಟ್ಟಿಗೆ ಒಂದು ಕೊಡುತ್ತಿದ್ದಳು. ಊಟದ ಹೊತ್ತಿನಲ್ಲಿ ಮಾತ್ರ ಅವಳ ಬಾಯಿಗೆ ಬ್ರೇಕೇ ಇಲ್ಲ. "ಅದೇನ್ ಬೆರಳೋ ಬದನೇಕಾಯೋ ಕಣಮ್ಮ ನಿಂದು!" ಎಂದು ಎಲ್ಲರೆದುರು ರೇಗಿಸುತ್ತಿದ್ದಳು.

ಮುಂದೆ ನಾನು ತರಬೇತಿ ಪಡೆದು ಕೆಲಸಗಾರರ ಪರೀಕ್ಷೆ ಮಾಡುವವಳಾದೆ. ಎಷ್ಟು ವರ್ಷ ದುಡಿದಿದ್ದಾರೆ, ಎಷ್ಟು ಓದಿದ್ದಾರೆ ಎಂದು ನೋಡದೆ, ಕೆಲಸ ಬರುತ್ತದೋ ಇಲ್ಲವೋ ಎಂದಷ್ಟೇ ನೋಡುವ ಹೊಸ ಪದ್ಧತಿ. ನನಗದು ಬಹಳ ಹಿಡಿಸಿತ್ತು. ಹೋದ ವರ್ಷ ಅದೇ ಘಟಕಕ್ಕೆ ಹೊಸ ಯಂತ್ರಗಳು ಬಂದವು. ಪಾಸಾದವರು ಮಾತ್ರ ಬೇಸಿನ್ ಮುಂದೆ ಕೂರಲಿ, ಉಳಿದವರು ಹಿಂದಿನ ಶೆಡ್ಡಿನಲ್ಲಿ ಗೂಡು ಆರಿಸಲಿ ಎಂದರು ಮಾಲೀಕರು.

ಅಕ್ಕನ ಸರದಿ ಬಂದಾಗ ನನ್ನ ಪಕ್ಕದಲ್ಲಿ ನಮ್ಮ ಮೇಲಧಿಕಾರಿ ನಿಂತಿದ್ದರು. ಅವಳ ಕೈ ಎಂದಿನಂತೆ ನಡೆಯಿತು, ಒಂದೇ ಒಂದು ಎಳೆ ತುಂಡಾಗಲಿಲ್ಲ. ಪರೀಕ್ಷೆಯ ಹಾಳೆಯಲ್ಲಿ ಒಂದು ಸಾಲು ಉಳಿದಿತ್ತು: ಕೆಲಸದ ಹಂತಗಳನ್ನು ವಿವರಿಸುವುದು. "ಈಗ ಏನು ಮಾಡ್ತಿದೀರಿ, ಹೇಳಿ" ಎಂದೆ. ಅವಳಿಗೆ ಬಹುವಚನ! ಅವಳು ತಲೆ ಎತ್ತಲಿಲ್ಲ. ಮತ್ತೆ ಕೇಳಿದೆ. ಅವಳು ಇನ್ನೊಂದು ಗೂಡಿನ ತುದಿ ಸೇರಿಸಿದಳು, ಅಷ್ಟೇ. ಯಂತ್ರ ನಿಲ್ಲಿಸಿ ಕೇಳಿದ್ದರೆ ಹರಳು ಹುರಿದಂತೆ ಹೇಳುತ್ತಿದ್ದಳು. ಅದು ನನಗಲ್ಲದೆ ಇನ್ಯಾರಿಗೆ ಗೊತ್ತು? ಆದರೆ ಬೇಕಾದವಳೆಂದು ಪಾಸು ಮಾಡಿದಳು ಅನ್ನಿಸಿಕೊಳ್ಳಬಾರದೆಂಬ ಹಾಳು ಜಂಬ ನನಗೆ. 'ಇನ್ನೂ ಸಮರ್ಥರಲ್ಲ' ಎಂದು ಬರೆದು ಸಹಿ ಹಾಕಿದೆ. ನನ್ನ ಕೈಗೆ ಬೆಂಕಿ ಬೀಳ.

ಮೂರು ತಿಂಗಳಾದ ಮೇಲೆ ಇನ್ನೊಂದೇ ಒಂದು ಅವಕಾಶವಿತ್ತು. ಈ ಸಲ ಕೊನೆಯಲ್ಲಿ ಕೇಳೋಣ ಎಂದು ನಿರ್ಧರಿಸಿಯೇ ಹೋಗಿದ್ದೆ. ಅಕ್ಕ ಕೂತಳು. ಎಳೆ ಓಡಲು ಶುರುವಾದದ್ದೇ ತಡ, ಅವಳೂ ಶುರುಮಾಡಿದಳು.

"ಈಗ ನಾನು ನೀರಿನ ಉಷ್ಣಾಂಶವನ್ನು ಪರಿಶೀಲಿಸುತ್ತಿದ್ದೇನೆ..."

ಶೆಡ್ಡಿನಲ್ಲಿ ಗೂಡು ಆರಿಸುತ್ತ, ಮನೆಯಲ್ಲಿ ಸೊಸೆಯಿಂದ ಓದಿಸಿಕೊಂಡು, ತರಬೇತಿ ಪುಸ್ತಕದ ಮಾತನ್ನು ಬಾಯಿಪಾಠ ಮಾಡಿದ್ದಳು.

"ಅಕ್ಕಾ, ಸುಮ್ನಿರು, ಆಮೇಲ್ ಹೇಳಿದ್ರಾಯ್ತು" ಎಂದೆ.

"ಆವತ್ ಸುಮ್ನಿದ್ದಿದ್ಕೆ ತಾನೆ ಎಬ್ಬಿಸ್ದೆ ನನ್ನ?" ಎಂದವಳೇ ದನಿ ಇನ್ನೂ ಏರಿಸಿದಳು. ಎಳೆ ತುಂಡಾಯಿತು. ಕಟ್ಟಿದಳು, ಮಾತು ನಿಲ್ಲಿಸಲಿಲ್ಲ. ಮತ್ತೆ ತುಂಡಾಯಿತು. ಮೂರನೆಯ ಸಲ ತುಂಡಾದದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಅಷ್ಟು ವರ್ಷ ಪಕ್ಕದಲ್ಲಿ ಕೂತವಳು ನಾನು, ಆ ಕೈ ಹಾಗೆ ತಡವರಿಸಿದ್ದನ್ನು ಒಂದು ದಿನವೂ ಕಂಡಿರಲಿಲ್ಲ.

ಮುಗಿದ ಮೇಲೆ ಸೆರಗಿನಿಂದ ಕೈ ಒರೆಸಿಕೊಂಡು ನನ್ನ ಮುಖ ನೋಡಿದಳು.

"ಒಂದೂ ಬಿಡ್ದಂಗೆ ಹೇಳ್ದೆ ಅಲ್ವೇನಮ್ಮ?"

"ಹೇಳ್ದೆ ಅಕ್ಕ" ಎಂದೆ. ಆಮೇಲೆ ಹಾಳೆಯ ಮೇಲೆ 'ಇನ್ನೂ ಸಮರ್ಥರಲ್ಲ' ಎಂಬ ಅದೇ ಎರಡು ಪದ ಬರೆದೆ. ಮೊದಲ ಸಲ ಅವು ಸುಳ್ಳಾಗಿದ್ದವು.