ಅಳಿಯಂದಿರು ಹೊಗಳಿದ ಕಾರು

ನನ್ನ ಕಿರಿಯ ಅಳಿಯಂದಿರು ಚಪ್ಪಲಿ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ಅಂಗಡಿ ದೊಡ್ಡದು. ಗೋಡೆ ತುಂಬ ಕನ್ನಡಿ, ಗಿರಾಕಿಗಳಿಗೆ ಮೆತ್ತನೆಯ ಬೆಂಚು. ಅಳಿಯಂದಿರು ಕೂರುವುದು ಮಾತ್ರ ಒಂದು ಗಿಡ್ಡ ಸ್ಟೂಲಿನ ಮೇಲೆ. ಬಂದವರ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಅಳತೆ ನೋಡಿ, ಶೂ ತೊಡಿಸಿ, ಹೆಬ್ಬೆರಳಿನಿಂದ ತುದಿ ಒತ್ತಿ, ತಲೆಯೆತ್ತಿ ‘ಚೆನ್ನಾಗಿ ಒಪ್ಪುತ್ತೆ’ ಎನ್ನುತ್ತಾರೆ. ಬಿಗಿ ಎಂದರೆ ‘ಹಾಕ್ತಾ ಹಾಕ್ತಾ ಸರಿಹೋಗುತ್ತೆ’. ಸಡಿಲ ಎಂದರೆ ‘ಕಾಲಿಗೂ ಗಾಳಿ ಬೇಕಲ್ವಾ’.

ಅಂಗಡಿಯ ಈ ಬಾಯಿ ಅವರ ಜೊತೆ ಮನೆಗೂ ಬರುತ್ತದೆ. ನನ್ನ ಅಡುಗೆಗೆ ಉಪ್ಪು ಹೆಚ್ಚಾಗಿ ನಾನೇ ತಿನ್ನಲಾರದ ದಿನವೂ ‘ಚೆನ್ನಾಗಿದೆ ಅತ್ತೆ’ ಎಂದು ಬಡಿಸಿಕೊಂಡವರು. ನನ್ನ ಕಿರಿಯ ಮಗಳು ಗಂಡನಿಗೆ ಹೌದಪ್ಪ ಎಂದೇ ಹೆಸರಿಟ್ಟಿದ್ದಾಳೆ. ಒಳ್ಳೆಯ ಮನುಷ್ಯ. ನನ್ನ ಯಜಮಾನರು ತೀರಿಕೊಂಡ ಮೇಲೆ ನಾನು ಒಬ್ಬಳೇ ಇರಬಾರದೆಂದು, ಜನ ‘ಮನೆ ಅಳಿಯ’ ಎಂದು ಆಡಿಕೊಂಡರೂ ಲೆಕ್ಕಿಸದೆ, ಹೆಂಡತಿ ಜೊತೆ ಇಲ್ಲಿಗೇ ಬಂದು ನೆಲೆಸಿದರು.

ಲೆಕ್ಕಿಸಲಿಲ್ಲ ಎಂದು ನಾನು ತಿಳಿದಿದ್ದೆ. ಆದರೆ ನನ್ನ ಹಿರಿಯ ಅಳಿಯ ತನ್ನ ಕಾರಿನಲ್ಲಿ ಬಂದು ಹೋಗುವಾಗಲೆಲ್ಲ, ‘ಬನ್ನಿ ಷಡ್ಡಕರೇ, ಬಸ್ ಸ್ಟಾಪಿನವರೆಗೆ ಬಿಡ್ತೀನಿ’ ಎನ್ನುತ್ತಿದ್ದ. ಇವರು ನಗುತ್ತಾ ಹತ್ತಿಕೊಳ್ಳುತ್ತಿದ್ದರು. ಒಂದು ದಿನ ಇವರೂ ಒಂದು ಹಳೆಯ ಕಾರು ಕೊಳ್ಳುತ್ತೇನೆ ಎಂದಾಗಲೇ ಆ ನಗುವಿನ ಒಳಗೇನಿತ್ತು ಎಂದು ನನಗೆ ತಿಳಿದದ್ದು. ನನ್ನ ಕಣ್ಣಿನ ಆಸ್ಪತ್ರೆಗೆ ಹೋಗಿಬರಲು ಬೇಕು ಎಂದು ಕಾರಣ ಕೊಟ್ಟರು. ನಾನೂ ಬೇಡ ಎನ್ನಲಿಲ್ಲ.

ಹಳೆಯ ಕಾರು ಮಾರುವ ಜಾಗ ಊರಿನ ಅಂಚಿನ ಒಂದು ಬಯಲು. ಸುತ್ತ ತಗಡಿನ ಬೇಲಿ, ಮೂಲೆಯಲ್ಲಿ ಗಾಜಿನ ಕೋಣೆ. ಅಲ್ಲಿ ಒಂದೇ ಮಾದರಿಯ ಎರಡು ಬಿಳಿ ಕಾರುಗಳು ಅಕ್ಕತಂಗಿಯರ ಹಾಗೆ ಪಕ್ಕಪಕ್ಕದಲ್ಲಿ ನಿಂತಿದ್ದವು. ಎರಡನ್ನೂ ಒಂದೇ ಕಂಪನಿಯವರು ಬಳಸಿ ಒಟ್ಟಿಗೆ ಮಾರಿದ್ದು, ಹೆಚ್ಚು ಓಡಿಲ್ಲ, ಒಂದು ಗೀರೂ ಇಲ್ಲ ಎಂದು ಮಾರುವವನು ಹೇಳಿದ. ಅಳಿಯಂದಿರು ಎಡಗಡೆಯದನ್ನು ಆರಿಸಿದರು. ಯಾಕೆ ಎಂದರೆ ಅವರಿಗೇ ಗೊತ್ತಿಲ್ಲ. ಶೂ ತೊಡಿಸುವಾಗಲೂ ಎಡಗಾಲೇ ಮೊದಲು, ಅದೇ ಅಭ್ಯಾಸ ಇರಬೇಕು.

ಕಾರು ಒಪ್ಪಿಸಿದ ದಿನ ಆತ ಇವರ ಕೈಗೆ ಮೊಳದುದ್ದದ ರಟ್ಟಿನ ಕೀಲಿಕೈ ಕೊಟ್ಟು, ಫೋಟೋ ತೆಗೆದು, ಗಾಜಿನ ಕೋಣೆಯ ಗೋಡೆಗೆ ಅಂಟಿಸಿದ. ಮಾತಿಗೊಮ್ಮೆ ಸಾರ್ ಎಂದ. ದಿನವಿಡೀ ಬೇರೆಯವರ ಕಾಲು ಹಿಡಿದು ಸಾರ್ ಎನ್ನುವವರನ್ನು ಇನ್ನೊಬ್ಬ ಸಾರ್ ಎಂದರೆ ಹೇಗಿರುತ್ತದೆ! ಮನೆಗೆ ಬರುವಷ್ಟರಲ್ಲಿ ಅವರ ಬೆನ್ನು ನೆಟ್ಟಗಾಗಿತ್ತು.

ಮೊದಲು ವಾಸನೆ ಬಂತು. ಕಾರಿನೊಳಗೆ ಹಾಕಿದ್ದ ಸೆಂಟು ಆರಿದ ಮೇಲೆ, ಹಿಂಡದೆ ಮೂಲೆಗೆ ಹಾಕಿದ ನೆಲ ಒರೆಸುವ ಬಟ್ಟೆಯ ವಾಸನೆ. ಆಮೇಲೆ ಮುಂದಿನ ದೀಪಗಳು ತಮ್ಮಷ್ಟಕ್ಕೆ ಹತ್ತಿ ಆರತೊಡಗಿದವು. ಒಂದು ದಿನ ನಾಲ್ಕು ರಸ್ತೆ ಸೇರುವಲ್ಲಿ ಗಾಡಿ ನಿಂತೇಬಿಟ್ಟಿತು. ಹಿಂದಿನವರೆಲ್ಲ ಹಾರ್ನು ಹೊಡೆದರು, ಬೈದರು. ಅಳಿಯಂದಿರು ಇಳಿದು ತಳ್ಳಿದರು. ಕೆಲಸಕ್ಕೆ ಹೋಗುವ ಅಂಗಿಯ ಬೆನ್ನೆಲ್ಲ ಒದ್ದೆ. ನಾನು ಒಳಗೆ ಕೂತಿದ್ದೆ. ಇಳಿಯುತ್ತೇನೆ ಎಂದರೆ ಕೇಳಲಿಲ್ಲ.

ಗ್ಯಾರೇಜಿನವನು ಸೀಟು ಬಿಚ್ಚಿ ಕೆಳಗಿನ ಹಾಸು ಎತ್ತಿದ. ಅಡಿಯಲ್ಲಿ ಜರಡಿ ಹಿಡಿದ ಹಿಟ್ಟಿನ ಹಾಗೆ ನುಣ್ಣನೆಯ ಕೆಸರು ಒಣಗಿ ಕೂತಿತ್ತು. ಇದು ಎಲ್ಲೋ ನೆರೆಯಲ್ಲಿ ಸೀಟಿನವರೆಗೆ ಮುಳುಗಿದ್ದ ಗಾಡಿ, ವೈರುಗಳೆಲ್ಲ ಒಳಗೊಳಗೇ ಕೊಳೆಯುತ್ತಿವೆ, ಬ್ರೇಕು ಯಾವತ್ತು ಕೈ ಕೊಡುತ್ತದೋ ಹೇಳಲಾಗದು ಎಂದ. ಅಳಿಯಂದಿರು ಅದನ್ನೆಲ್ಲ ಕೇಳಿ, ‘ಓಡಿಸ್ತಾ ಓಡಿಸ್ತಾ ಸರಿಹೋಗಲ್ವಾ?’ ಎಂದರು. ಗ್ಯಾರೇಜಿನವನು ಅವರ ಮುಖ ನೋಡಿ, ಕೈ ಒರೆಸಿಕೊಂಡ.

ಮಗಳು ಸುಮ್ಮನಿರುವವಳಲ್ಲ. ಗ್ರಾಹಕರ ಸಹಾಯವಾಣಿಗೆ ಫೋನು ಮಾಡಿ ಎಲ್ಲ ತಿಳಿದುಕೊಂಡಳು. ಹಳೆಯ ಗಾಡಿ ಎಂದ ಮಾತ್ರಕ್ಕೆ ಮಾರಿದವನ ಹೊಣೆ ತಪ್ಪುವುದಿಲ್ಲವಂತೆ. ಸವೆದ ಟೈರಿಗೆ ಜಗಳ ಆಡುವ ಹಾಗಿಲ್ಲ, ಆದರೆ ಗೊತ್ತಿದ್ದೂ ದೋಷ ಮುಚ್ಚಿ ಮಾರಿದ್ದರೆ ಕೇಳುವ ಹಕ್ಕಿದೆಯಂತೆ. ಮೊದಲು ಬರವಣಿಗೆಯಲ್ಲಿ ತಿಳಿಸಬೇಕು, ಸರಿಮಾಡಲು ಅವಕಾಶ ಕೊಡಬೇಕು. ಆಗದಿದ್ದರೆ ಹಣ ವಾಪಸ್ಸು ಕೇಳಬಹುದು, ಅದಕ್ಕೂ ಒಪ್ಪದಿದ್ದರೆ ಗ್ರಾಹಕರ ಕೋರ್ಟು. ಅವಳೇ ದೂರು ಬರೆದು, ಕೆಸರಿನ ಫೋಟೋ ಸೇರಿಸಿ, ಗಂಡನ ಜೇಬಿಗಿಟ್ಟಳು. ನನ್ನನ್ನು ಪಕ್ಕಕ್ಕೆ ಕರೆದು, ‘ಅಮ್ಮ, ನೀನೂ ಹೋಗು. ಇವರು ಅಲ್ಲಿ ಹೋಗಿ ಹೌದಪ್ಪ ಅಂದು ಬಂದ್ಬಿಡ್ತಾರೆ’ ಎಂದಳು.

ನಾವು ಹೋದಾಗ ಗಾಜಿನ ಕೋಣೆಯಲ್ಲಿ ಬೇರೆ ಗಿರಾಕಿಗಳಿದ್ದರು. ಕಂಕುಳಲ್ಲಿ ಮಗು ಎತ್ತಿಕೊಂಡ ಒಬ್ಬ ಹೆಣ್ಣುಮಗಳು, ಜೊತೆಗೆ ಅವಳ ತಂದೆ. ಅವರು ನೋಡುತ್ತಿದ್ದದ್ದು ಬಲಗಡೆಯ ಬಿಳಿ ಕಾರನ್ನು, ನಮ್ಮದರ ಜೋಡಿಯನ್ನು. ಆಕೆಗೆ ಇನ್ನೂ ಅನುಮಾನ, ಬೇರೆ ಕಡೆಯೂ ನೋಡೋಣ ಎನ್ನುತ್ತಿದ್ದಳು. ಅಳಿಯಂದಿರು ಬಾಗಿಲಲ್ಲಿ ಕಂಡದ್ದೇ ತಡ, ಮಾರುವವನು ಎದ್ದು ಬಂದು ಅವರ ಹೆಗಲ ಮೇಲೆ ಕೈ ಹಾಕಿದ. ಗೋಡೆಯ ಫೋಟೋ ತೋರಿಸಿದ.

‘ನಾನು ಹೇಳೋದು ಬೇಡಮ್ಮ. ಇದರ ಜೊತೆ ಗಾಡಿ ತಗೊಂಡಿರೋ ಸಾರ್ ಇವರೇ. ಇವರನ್ನೇ ಕೇಳಿ.’

ಆಕೆ ಇವರ ಕಡೆ ತಿರುಗಿ, ಮಗುವನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡು, ‘ಹೇಗಿದೆ ಅಣ್ಣ?’ ಎಂದಳು.

ಅಳಿಯಂದಿರ ಕೈ ಜೇಬಿನ ಮೇಲಿತ್ತು. ದೂರು ಅಲ್ಲೇ ಇತ್ತು. ಅವರು ಆಕೆಯ ಮುಖ ನೋಡಿದರು, ಮೆಲ್ಲನೆ ನಕ್ಕರು, ‘ಚೆನ್ನಾಗಿದೆಯಮ್ಮ. ಧೈರ್ಯವಾಗಿ ತಗೊಳ್ಳಿ’ ಎಂದರು.

ನನಗೆ ನೆಲ ಬಿರಿದಂತಾಯಿತು. ಆದರೂ ಹೊರಗಿನವರೆದುರು ಅಳಿಯನ ಮಾತನ್ನು ಅತ್ತೆ ಕತ್ತರಿಸಬಾರದೆಂದು ಬಾಯಿ ಕಟ್ಟಿಕೊಂಡೆ. ಆಕೆ ಕೂಡಲೇ ಮುಂಗಡ ಕೊಟ್ಟಳು. ನಾಳೆ ಬೆಳಿಗ್ಗೆ ಬಂದು ಗಾಡಿ ಒಯ್ಯುವುದೆಂದಾಯಿತು. ನಮಗೆ ಟೀ ಬಂತು. ಹೊಗಳಿದ ಬಾಯಲ್ಲೇ ದೂರುವುದು ಹೇಗೆ? ಟೀ ಕುಡಿದು ಎದ್ದು ಬಂದೆವು.

ಮನೆಯ ತಿರುವಿನಲ್ಲಿ ಗಾಡಿ ಮತ್ತೆ ನಿಂತಿತು. ಈ ಸಲ ಇಳಿದು ತಳ್ಳಲೂ ಇಲ್ಲ, ಸ್ಟೇರಿಂಗ್ ಹಿಡಿದುಕೊಂಡು ಕೂತೇ ಇದ್ದರು.

‘ಅತ್ತೆ, ಅದು ನಾನು ಹೇಳಿದ್ದಲ್ಲ. ಅದೇ ಬಂದ್ಬಿಡ್ತು.’

‘ಬಂದದ್ದು ನಿಮ್ಮ ಬಾಯಿಂದಲೇ ಅಲ್ವೇನಪ್ಪ’ ಎಂದೆ. ಬಿರುಸಾಗಿ ಹೇಳಲಿಲ್ಲ. ಆದರೂ ಅವರ ಕಿವಿಯವರೆಗೆ ಕೆಂಪಾಯಿತು.

ಮಗಳಿಗೆ ಅವರೇ ಹೇಳಿದರು. ಅವಳು ಸಿಟ್ಟಿಗೇಳಬಹುದೆಂದು ನಾನು ಕಾದೆ. ಅವಳು ದೂರನ್ನು ಅಂಚೆಯಲ್ಲೂ ಕಳಿಸಬಹುದು, ನಮ್ಮ ಗಾಡಿಯ ಮಾತು ಬಿಡಿ ಎಂದಳು. ಆಮೇಲೆ, ‘ಆ ಮಗುವನ್ನ ಅದರಲ್ಲಿ ಕೂರಿಸ್ತಾರಲ್ರೀ’ ಎಂದಳು. ಅಷ್ಟೇ. ಅದಕ್ಕಿಂತ ಬೈದಿದ್ದರೇ ಅವರಿಗೆ ಹಗುರಾಗುತ್ತಿತ್ತು.

ಬೆಳಿಗ್ಗೆ ಅಂಗಡಿಗೆ ರಜೆ ಹೇಳಿ ಹೊರಟರು. ಬಸ್ಸಿನಲ್ಲಿ. ನೀವೂ ಬನ್ನಿ ಅತ್ತೆ, ನಾನು ವಾಪಸ್ಸು ಓಡಿಬಂದರೆ ಹಿಡಿದು ನಿಲ್ಲಿಸಲು ಒಬ್ಬರು ಬೇಕು ಎಂದರು. ತಮಾಷೆಗೆ ಹೇಳಿದ್ದಲ್ಲ. ತಗಡಿನ ಬೇಲಿಯ ಗೇಟಿನ ಹೊರಗೆ ಇಬ್ಬರೂ ನಿಂತೆವು. ಅವರು ಒಂದೆರಡು ಸಲ ರಸ್ತೆಯ ಆ ಬದಿಗೆ ಹೋಗಿ ಬಂದರು. ತಂದೆ ಮಗಳು ಆಟೋದಿಂದ ಇಳಿದು ನೇರ ಒಳಗೆ ಹೋದರು. ಆಗಲೂ ಇವರ ಕಾಲು ಏಳಲಿಲ್ಲ. ಒಳಗೆ ಆಕೆಯ ಕೈಗೆ ರಟ್ಟಿನ ಕೀಲಿಕೈ ಬಂದಾಗ ನಾನು ಅವರ ತೋಳು ಮುಟ್ಟಿ, ಜೊತೆಗೇ ಬರುತ್ತೇನೆ ಎಂದೆ. ಹೋದರು.

‘ಅಮ್ಮ, ನಿನ್ನೆ ನಾನು ಸುಳ್ಳು ಹೇಳಿದೆ’ ಎಂದರು. ದನಿ ಎಷ್ಟು ಸಣ್ಣದಿತ್ತೆಂದರೆ ಎರಡನೆಯ ಸಲ ಹೇಳಬೇಕಾಯಿತು. ‘ಇದು ನೀರಲ್ಲಿ ಮುಳುಗಿದ ಗಾಡಿ. ನನ್ನದೂ ಅದೇ. ತಗೋಬೇಡಿ.’

ಅವರನ್ನೆಲ್ಲ ಹೊರಗೆ ಕರೆದು, ಬಲಗಡೆಯ ಕಾರಿನ ಬಾಗಿಲು ತೆರೆದು, ಮಂಡಿಯೂರಿ, ಸೀಟಿನಡಿಯ ಹಾಸಿನ ಅಂಚನ್ನು ಉಗುರಿನಿಂದ ಎಬ್ಬಿಸಿದರು. ಅದೇ ನುಣ್ಣನೆಯ ಕೆಸರು. ಮಾರುವವನು, ನಿನ್ನೆ ಚೆನ್ನಾಗಿದ್ದದ್ದು ಇವತ್ತು ಹೇಗೆ ಕೆಟ್ಟಿತು, ಯಾರೋ ದುಡ್ಡು ಕೊಟ್ಟು ಕಳಿಸಿರಬೇಕು ಎಂದು ಶುರುಮಾಡಿದ. ಹೆಣ್ಣುಮಗಳ ತಂದೆ ಅವನ ಕಡೆ ತಿರುಗಲೇ ಇಲ್ಲ, ಇವರನ್ನೇ ನೋಡುತ್ತಿದ್ದರು.

‘ಅವನು ವ್ಯಾಪಾರಿ, ಹೊಟ್ಟೆಪಾಡಿಗೆ ಸುಳ್ಳು ಹೇಳಿದ. ನಿಮಗೇನು ಬಂದಿತ್ತು? ನೀವು ಹೇಳಿದ್ದಕ್ಕೇ ಇವಳು ಒಪ್ಪಿದ್ದು. ಒಂದು ರಾತ್ರಿ ನಿದ್ದೆ ಬರಲಿಲ್ಲ ಅಂತ ಬಂದಿರಿ. ಬಂದಿದ್ದರೆ?’

ನಿದ್ದೆ ಬಂದಿದ್ದರೆ ಎಂದು ಅವರ ಅರ್ಥ. ಅಳಿಯಂದಿರು ಮಂಡಿಯೂರಿದಲ್ಲೇ ತಲೆ ತಗ್ಗಿಸಿದರು. ಆಕೆ ಕೀಲಿಕೈಯನ್ನು ಮಾರುವವನ ಕೈಗೆ ಕೊಟ್ಟು, ಮುಂಗಡ ವಾಪಸ್ಸು ಇಸಿದುಕೊಂಡು, ಇವರ ಬದಿಯಿಂದ ಸರಿದು ಹೊರಗೆ ನಡೆದಳು. ಆಗ ಇವರು ಎದ್ದು, ಜೇಬಿನ ದೂರು ತೆಗೆದು ಮಾರುವವನ ಕೈಗಿಟ್ಟು, ಗಾಜಿನ ಕೋಣೆಗೆ ಹೋಗಿ ಗೋಡೆಯಿಂದ ತಮ್ಮ ಫೋಟೋ ಕಿತ್ತುಕೊಂಡರು.

ಆತ ಬಹಳ ದಿನ ಸತಾಯಿಸಿದ. ಹಳೆಯ ಗಾಡಿ, ನೋಡಿಯೇ ಕೊಂಡಿರಿ ಎಂದ. ಬೇಕಾದರೆ ರಿಪೇರಿಗೆ ಅರ್ಧ ಕೊಡುತ್ತೇನೆ ಎಂದ. ಗ್ರಾಹಕರ ಕೋರ್ಟಿಗೆ ಬರೆದ ಮೇಲೆ, ವಿಚಾರಣೆಗೆ ಮುಂಚೆಯೇ ಕಾರು ತೆಗೆದುಕೊಂಡು ಹಣ ಹಿಂತಿರುಗಿಸಿದ. ಹಿರಿಯ ಅಳಿಯನೂ ಬಂದು, ಗೆದ್ದಿರಲ್ಲ ಷಡ್ಡಕರೇ ಎಂದು ಬೆನ್ನು ತಟ್ಟಿದ. ಇವರು ಎದ್ದು ನೀರು ಕುಡಿಯಲು ಒಳಗೆ ಹೋದರು.

ಮೊನ್ನೆ ಊಟಕ್ಕೆ ಕೂತಾಗ, ಯಾರೂ ಕೇಳದೆ ಅವರೇ ಹೇಳಿದರು. ಆ ಹೆಣ್ಣುಮಗಳು ಇವರ ಅಂಗಡಿಗೆ ಬಂದಿದ್ದಳಂತೆ. ಮಗು ನಡೆಯಲು ಕಲಿತಿದೆ, ಮೊದಲ ಶೂ ಕೊಳ್ಳಬೇಕಿತ್ತು. ಇವರು ಸ್ಟೂಲು ಎಳೆದುಕೊಂಡು ಮಗುವಿನ ಕಾಲಿಗೆ ಕೈ ಚಾಚಿದರಂತೆ. ಆಕೆ ಗುರುತು ಹಿಡಿದು ಮಗುವನ್ನು ಹಿಂದಕ್ಕೆಳೆದುಕೊಂಡಳಂತೆ. ಜಗಳವಿಲ್ಲ, ದನಿ ಏರಿಸಲಿಲ್ಲ. ‘ಬೇರೆ ಯಾರಾದರೂ ತೋರಿಸ್ತಾರಾ?’ ಎಂದು ಕೇಳಿದಳಂತೆ.

‘ನೀವೇನಂದ್ರಿ?’ ಎಂದಳು ಮಗಳು.

‘ಆಯ್ತಮ್ಮ ಅಂದೆ. ಇನ್ನೊಬ್ಬನ್ನ ಕರೆದೆ.’

ಆ ಹೆಣ್ಣುಮಗಳದ್ದು ತಪ್ಪು ಎಂದು ನಾವಿಬ್ಬರೂ ಹೇಳಲಿಲ್ಲ. ನಾನು ಅವರ ತಟ್ಟೆಗೆ ಇನ್ನೊಂದು ಸೌಟು ಬಡಿಸಿದೆ. ಬೇಡ ಎನ್ನಲಿಲ್ಲ, ತಿನ್ನಲೂ ಇಲ್ಲ.